ಹಳೆ ಪೆಟ್ಟಿಗೆಗೆ ಹೊಸ ಓಲೆ

ಸುರತ್ಕಲ್ಲಿನಲ್ಲಿ ಸಂಸಾರ ಮಾಡುವವರಿಗೆ ಎರಡು ಸಂಗತಿಗಳನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಒಂದು, ಕಡಲಿನ ಉಪ್ಪುಗಾಳಿ ಕಬ್ಬಿಣವನ್ನು ತಿನ್ನುತ್ತದೆ. ಎರಡು, ಕಬ್ಬಿಣವಲ್ಲದ್ದನ್ನು ಮಳೆಗಾಲ ತಿನ್ನುತ್ತದೆ. ಕಿಟಕಿಯ ಸರಳಿಗೆ ವರ್ಷಕ್ಕೊಮ್ಮೆ ಬಣ್ಣ ಬಳಿಯಬೇಕು. ಜೂನ್ ಬಂತೆಂದರೆ ಚಪ್ಪಲಿಗೆ ಬೂಸ್ಟು, ಮದುವೆಯ ಆಲ್ಬಮ್ಮಿಗೆ ಬೂಸ್ಟು, ಕಪಾಟಿನೊಳಗಿನ ರೇಷ್ಮೆ ಸೀರೆಗೆ ಮುಗ್ಗು ವಾಸನೆ. ಹೊರಗಿನವರಿಗೆ ನಮ್ಮೂರೆಂದರೆ ದೀಪಸ್ತಂಭ, ಸದಾಶಿವ ದೇವಸ್ಥಾನ ಮತ್ತು 1960ರಲ್ಲಿ ಶುರುವಾದ ಇಂಜಿನಿಯರಿಂಗ್ ಕಾಲೇಜು. 2002ರಲ್ಲಿ ಅದು ಎನ್.ಐ.ಟಿ.ಕೆ. ಆದರೂ ನನ್ನ ವಯಸ್ಸಿನವರ ಬಾಯಲ್ಲಿ ಇನ್ನೂ ಕೆ.ಆರ್.ಇ.ಸಿ.ಯೇ. ಮನೆಯೊಳಗಿನ ನಮಗೆ ಮಾತ್ರ ನಮ್ಮೂರೆಂದರೆ ಒರೆಸುವುದು, ಒಣಗಿಸುವುದು, ಮಡಚಿ ಇಡುವುದು. ಇಂಥ ಊರಿನಲ್ಲಿ ಒಂದು ವಿದ್ಯುತ್ ಯಂತ್ರ ಮೂವತ್ತು ವರ್ಷದ ಹತ್ತಿರ ಬದುಕುವುದೆಂದರೆ ಸಣ್ಣ ಮಾತಲ್ಲ.

ಆ ಯಂತ್ರ ನಮ್ಮ ಅಣ್ಣನ ಲ್ಯಾಪ್‌ಟಾಪ್. ಬಹರೈನಿನಲ್ಲಿ ಕೆಲಸಕ್ಕಿದ್ದ ಅಣ್ಣ 1996ರ ರಜೆಯಲ್ಲಿ ಬರುವಾಗ ಅದನ್ನು ಹೆಗಲಿಗೆ ಹಾಕಿಕೊಂಡು ಬಂದಿದ್ದ. ಮೂರು ಕಿಲೋ ತೂಕದ ಬೂದು ಬಣ್ಣದ ಪೆಟ್ಟಿಗೆ. ನೋಡಲಿಕ್ಕೆ ಅಕ್ಕಪಕ್ಕದ ಮನೆಯವರೆಲ್ಲ ಬಂದಿದ್ದರು. ಅಮ್ಮ ಶಾಲೆಗೆ ಹೋದವರಲ್ಲ. ಆದರೆ ಏಣೆಲು ಬೆಳೆಗೆ ನೇಜಿ ನೆಡುವಾಗ ಸಾಲಿನಲ್ಲಿ ಮೊದಲು ಓಬೇಲೆ ಎತ್ತಿಕೊಡುತ್ತಿದ್ದವರು ಅವರೇ. ಪಣಂಬೂರಿನ ಬಂದರು 1974ರಲ್ಲಿ ದೇಶದ ಪ್ರಮುಖ ಬಂದರುಗಳ ಸಾಲಿಗೆ ಸೇರಿತು. ಆಮೇಲೆ ಕಾರ್ಖಾನೆ, ಹೆದ್ದಾರಿ, ಮನೆ ನಿವೇಶನ ಎನ್ನುತ್ತ ಸುತ್ತಲಿನ ಗದ್ದೆಗಳು ಒಂದೊಂದಾಗಿ ಹೋದವು. ಗದ್ದೆ ಹೋದ ಮೇಲೆ ಗದ್ದೆಯ ಹಾಡು ಹಾಡುವುದು ಎಲ್ಲಿ? ಅಡುಗೆಮನೆಯಲ್ಲಿ ನಿಂತು ನೇಜಿಯ ಹಾಡು ಹಾಡಲು ಅಮ್ಮನಿಗೆ ನಾಚಿಕೆ. ಅಣ್ಣ ಎರಡು ರಜೆಗಳಲ್ಲಿ ಒತ್ತಾಯ ಮಾಡಿ ಹಾಡಿಸಿ, ತುಳುವಿನ 43 ಹಾಡುಗಳನ್ನು ಕನ್ನಡ ಅಕ್ಷರದಲ್ಲಿ ಆ ಪೆಟ್ಟಿಗೆಯೊಳಗೆ ಕೂರಿಸಿದ. ಆಗ ಮುದ್ರಿಸಿ ಇಟ್ಟ ಒಂದೇ ಪ್ರತಿಯನ್ನು ಗೆದ್ದಲು ತಿಂದಿತು. ಈಗ ಅಮ್ಮನೂ ಇಲ್ಲ, ಅಣ್ಣನೂ ಇಲ್ಲ.

ಕಳೆದ ವರ್ಷ ಮಳೆ ಶುರುವಾಗುವ ಮೊದಲು ಅಣ್ಣನ ಮಗ ಅದನ್ನು ಕಪಾಟಿನ ಮೇಲಿಂದ ಇಳಿಸಿ ಕರೆಂಟು ಕೊಟ್ಟ. ಪರದೆ ಬೆಳಗಿತು. ಆದರೆ ಒಳಗಿನಿಂದ ಅಡಕತ್ತರಿಯಲ್ಲಿ ಅಡಿಕೆ ಹೋಳು ಮಾಡಿದ ಹಾಗೆ ಟಕ್, ಟಕ್ ಎಂಬ ಸದ್ದು. ಹತ್ತು ಸಲ ಹಾಕಿದರೆ ಒಂದು ಸಲ ಏಳುತ್ತಿತ್ತು. ರಿಪೇರಿ ಅಂಗಡಿಯವರು ನೋಡಿ, “ಟೀಚರೇ, ಇದನ್ನು ಗುಜರಿಗೆ ಕೊಡಿ, ತೂಕಕ್ಕೆ ಏನಾದರೂ ಸಿಕ್ಕೀತು” ಎಂದರು. ಹುಡುಗ ಒಪ್ಪಲಿಲ್ಲ. “ಅತ್ತೆ, ಯಂತ್ರ ಸತ್ತಿಲ್ಲ. ಒಳಗಿನ ಡಿಸ್ಕಿಗೆ ಮಾತ್ರ ವಯಸ್ಸಾಗಿದೆ. ಅದೊಂದನ್ನು ಬದಲಿಸಿದರೆ ಆಯಿತು” ಎಂದ. ಗ್ಯಾಸ್ಕೆಟ್ ಹೋಯಿತೆಂದು ನಾವೇನು ಕುಕ್ಕರನ್ನು ಬಿಸಾಡುತ್ತೇವೆಯೇ? ನನಗೆ ಅವನ ಮಾತು ಸರಿಯೆನಿಸಿತು.

ಇಲ್ಲಿ ಸ್ವಲ್ಪ ಚರಿತ್ರೆ ಹೇಳಬೇಕು. ಟೀಚರ ಬುದ್ಧಿ, ಸುಲಭಕ್ಕೆ ಬಿಡುವುದಿಲ್ಲ ನೋಡಿ. ಕಂಪ್ಯೂಟರಿನ ನೆನಪನ್ನು ತಿರುಗುವ ತಟ್ಟೆಯ ಮೇಲೆ ಬರೆಯುವ ಯಂತ್ರವನ್ನು ಅಮೆರಿಕದ ಐ.ಬಿ.ಎಂ. ಕಂಪೆನಿ 1956ರಲ್ಲಿ ಹೊರತಂದಿತು. ಎರಡೆರಡು ಅಡಿ ಅಗಲದ 50 ತಟ್ಟೆಗಳು ಒಂದರ ಮೇಲೊಂದು, ನಮ್ಮ ಇಡ್ಲಿ ಸ್ಟ್ಯಾಂಡಿನ ಹಾಗೆ. ತೂಕ ಸುಮಾರು ಒಂದು ಟನ್. ಇಷ್ಟಾಗಿ ಅದು ಹಿಡಿಯುತ್ತಿದ್ದದ್ದು 50 ಲಕ್ಷ ಅಕ್ಷರಗಳನ್ನು ಮಾತ್ರ. ಈಗಿನ ಮೊಬೈಲಿನಲ್ಲಿ ತೆಗೆದ ಒಂದೆರಡು ಫೋಟೋದಷ್ಟು. 1980ರ ಹೊತ್ತಿಗೆ ಅಷ್ಟೇ ಅಕ್ಷರ ಹಿಡಿಯುವ ಡಿಸ್ಕ್ ಐದೂಕಾಲು ಇಂಚಿಗೆ ಇಳಿಯಿತು. 1988ರಲ್ಲಿ ಎರಡೂವರೆ ಇಂಚಿನ ಡಿಸ್ಕ್ ಬಂತು, ಅಂಗೈಯಲ್ಲಿ ಹಿಡಿಸುವಂಥದು, 20 ಎಂ.ಬಿ. ಸಾಮರ್ಥ್ಯದ್ದು. ತೊಡೆಯ ಮೇಲಿಟ್ಟುಕೊಳ್ಳುವ ಕಂಪ್ಯೂಟರು ಹಗುರವಾಗಲು ಈ ಅಳತೆಯ ಡಿಸ್ಕು ಬಹಳ ಸಹಾಯ ಮಾಡಿತು. ಅಣ್ಣನ ಯಂತ್ರದಲ್ಲಿದ್ದದ್ದು ಇದೇ ಅಳತೆಯದು, 340 ಎಂ.ಬಿ.ಯದು.

ಇಷ್ಟು ಚಿಕ್ಕದಾದರೂ ಒಳಗಿನ ಕಸುಬು ಒಂದೇ. ಕಾಂತದ ಲೇಪನವಿರುವ ತಟ್ಟೆ ನಿಮಿಷಕ್ಕೆ ಮೂರು ನಾಲ್ಕು ಸಾವಿರ ಸುತ್ತು ಸುತ್ತುತ್ತದೆ. ಓದುವ ಮುಳ್ಳು ಗ್ರಾಮಫೋನಿನ ಮುಳ್ಳಿನಂತೆ ತಟ್ಟೆಯನ್ನು ಮುಟ್ಟುವುದಿಲ್ಲ. ತಿರುಗುವ ಗಾಳಿಯ ಮೇಲೆ, ಕೂದಲೆಳೆಗಿಂತ ಎಷ್ಟೋ ಕಡಿಮೆ ಅಂತರದಲ್ಲಿ ತೇಲುತ್ತದೆ. ತೇಲಲು ಗಾಳಿ ಬೇಕಲ್ಲ, ಅದಕ್ಕಾಗಿ ಪೆಟ್ಟಿಗೆಯ ಮೈಯಲ್ಲಿ ಒಂದು ಸಣ್ಣ ಉಸಿರಿನ ತೂತು. ಧೂಳನ್ನು ತಡೆಯಲು ಅಲ್ಲಿ ಸೋಸುವ ಬಟ್ಟೆಯಿರುತ್ತದೆ. ಆದರೆ ಕರಾವಳಿಯ ತೇವವನ್ನು ಯಾವ ಬಟ್ಟೆ ತಡೆದೀತು? ವರ್ಷ ಕಳೆದಂತೆ ಎಣ್ಣೆ ಗಟ್ಟಿಯಾಗುತ್ತದೆ. ಮುಳ್ಳು ನಿಲ್ಲುವ ಜಾಗದ ರಬ್ಬರು ಕರಗಿ ಹಲಸಿನ ಮೇಣದಂತೆ ಅಂಟುತ್ತದೆ. ಕೆಲವು ಡಿಸ್ಕುಗಳಲ್ಲಿ ಮುಳ್ಳೇ ತಟ್ಟೆಗೆ ಅಂಟಿಕೊಳ್ಳುತ್ತದೆ. ಆ ಟಕ್ ಟಕ್ ಸದ್ದು, ಮುಳ್ಳು ತನ್ನ ದಾರಿ ತಪ್ಪಿ ಹುಡುಕಾಡುವ ಸದ್ದು.

ಹುಡುಗ ಮೊದಲು ಮಾಡಿದ್ದು ಡಿಸ್ಕನ್ನು ಬಿಚ್ಚಿ ತೆಗೆದು, ತನ್ನ ಹೊಸ ಕಂಪ್ಯೂಟರಿಗೆ ಒಂದು ತಂತಿಯಿಂದ ಜೋಡಿಸಿ, ಇದ್ದಷ್ಟನ್ನೂ ಪ್ರತಿ ಮಾಡುವ ಕೆಲಸ. ಇದಕ್ಕೆಂದೇ ಪುಕ್ಕಟೆ ತಂತ್ರಾಂಶಗಳಿವೆಯಂತೆ. ಅವುಗಳ ಜಾಣತನ ನನಗೆ ಮೆಚ್ಚಿಗೆಯಾಯಿತು. ಸುಲಭವಾಗಿ ಬರುವ ಭಾಗವನ್ನು ಮೊದಲು ತೆಗೆದುಕೊಂಡು, ತೊಂದರೆ ಕೊಡುವ ಜಾಗಕ್ಕೆ ಆಮೇಲೆ ಮತ್ತೆ ಮತ್ತೆ ಬರುತ್ತವೆ. ಮುಳ್ಳಿರುವ ಮೀನನ್ನು ನಾವು ತಿನ್ನುವ ಕ್ರಮವೇ ಅದು. ಎರಡು ರಾತ್ರಿ ಹಿಡಿಯಿತು. ಬೆರಳೆಣಿಕೆಯಷ್ಟು ಚೂರುಗಳನ್ನು ಬಿಟ್ಟರೆ ಎಲ್ಲವೂ ಬಂತು. “ಹಾಡು ಸಿಕ್ಕಿತಲ್ಲ, ಇನ್ನು ಹಳೆಯದನ್ನು ಬಿಡು” ಎಂದೆ. ಅವನು ಕಡತವನ್ನು ತೆರೆದು ತೋರಿಸಿದ. ಪರದೆಯ ತುಂಬ ಪ್ರಶ್ನೆಚಿಹ್ನೆ, ಡಾಲರ್ ಚಿಹ್ನೆ, ಎಲ್ಲಿಯದೋ ಯುರೋಪಿನ ಅಕ್ಷರಗಳು. ಕನ್ನಡ ಒಂದೂ ಇಲ್ಲ.

ಇದು ಏಕೆ ಹೀಗೆಂದು ತಿಳಿಯಲು ಕಂಪ್ಯೂಟರು ಕನ್ನಡ ಕಲಿತ ಕಥೆ ಗೊತ್ತಿರಬೇಕು. ಕಂಪ್ಯೂಟರಿಗೆ ಅಕ್ಷರ ಗೊತ್ತಿಲ್ಲ, ಅಂಕಿ ಮಾತ್ರ ಗೊತ್ತು. ‘ಕ’ಕ್ಕೆ ಯಾವ ಅಂಕಿ ಎಂದು ಯಾರಾದರೂ ಹೇಳಿಕೊಡಬೇಕು. ಈ ಕೆಲಸದಲ್ಲಿ ಹಿರಿಯರು ನಮ್ಮ ಸೀಮೆಯವರೇ ಆದ, ಕಿನ್ನಿಕಂಬಳದ ಕೆ.ಪಿ. ರಾವ್. ಇಂಗ್ಲಿಷ್ ಕೀಲಿಮಣೆಯಲ್ಲೇ, ಉಚ್ಚಾರಕ್ಕೆ ಹೊಂದುವ ಕೀಲಿಯನ್ನು ಒತ್ತಿ ಕನ್ನಡ ಬರೆಯುವ ಕ್ರಮವನ್ನು ಅವರು ರೂಪಿಸಿದರು. ಸರ್ಕಾರ ಮುಂದೆ ಒಪ್ಪಿಕೊಂಡದ್ದು ಆ ವಿನ್ಯಾಸವನ್ನೇ. ಡಾಸ್ ಕಾಲದ ಯಂತ್ರಗಳಿಗಾಗಿ ‘ಸೇಡಿಯಾಪು’ ಎಂಬ ಕನ್ನಡ ತಂತ್ರಾಂಶವನ್ನು ಮಾಡಿ, ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ಹೆಸರಿಟ್ಟು, ಯಾರು ಬೇಕಾದರೂ ಬಳಸಿ ಎಂದು ಉಚಿತವಾಗಿ ಕೊಟ್ಟುಬಿಟ್ಟರು. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಬಂತು, ಬಳಿಕ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಬಂತು. ಇವಲ್ಲದೆ ಮುದ್ರಣಾಲಯಗಳಿಗೆಂದು ಹಣಕ್ಕೆ ಮಾರುವ ತಂತ್ರಾಂಶಗಳೂ ಇದ್ದವು. ಕಷ್ಟವೆಂದರೆ ಒಬ್ಬೊಬ್ಬರದು ಒಂದೊಂದು ಅಂಕಿಯ ಲೆಕ್ಕ. ಹೆಸರು ಬರೆಯದ ಡಬ್ಬಿಗಳ ಹಾಗೆ. ಒಂದು ಮನೆಯಲ್ಲಿ ಉಪ್ಪು ಇರುವ ಡಬ್ಬಿಯಲ್ಲಿ ಇನ್ನೊಂದು ಮನೆಯಲ್ಲಿ ಸಕ್ಕರೆ. ಎಲ್ಲ ಭಾಷೆಗೂ ಒಂದೇ ಲೆಕ್ಕವಿರಲಿ ಎಂದು ಯೂನಿಕೋಡ್ ಬಂದದ್ದು 1991ರಲ್ಲಿ. ಅದರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ಸಿಕ್ಕಿತ್ತು. ಆದರೆ ವಿಂಡೋಸ್ ಬಳಸುವ ಸಾಮಾನ್ಯರ ಯಂತ್ರದಲ್ಲಿ ಆ ಕನ್ನಡ ಸರಿಯಾಗಿ ಮೂಡಲು 2001ರ ಎಕ್ಸ್‌ಪಿ ಬರಬೇಕಾಯಿತು. ಅಣ್ಣ ಬೆರಳಚ್ಚು ಮಾಡಿದ್ದು ಅದಕ್ಕೂ ಮೊದಲು.

ಹಳೆಯ ಲೆಕ್ಕವನ್ನು ಹೊಸ ಲೆಕ್ಕಕ್ಕೆ ತಿರುಗಿಸುವ ಪರಿವರ್ತಕಗಳು ಈಗ ಇವೆ. ಹುಡುಗ ಒಂದನ್ನು ಹಾಕಿದ. ಕನ್ನಡ ಅಕ್ಷರ ಬಂತು, ನನಗೆ ಕಣ್ಣು ತುಂಬಿತು. ಓದಲು ಕುಳಿತಾಗ ಏನೋ ತಪ್ಪಿದಂತಾಯಿತು. ತುಳು ಬಲ್ಲವರಿಗೆ ಗೊತ್ತು, ‘ಬತ್ತೆ’ ಎಂಬ ಮಾತನ್ನು ಬಾಯಿ ಅಗಲಿಸಿ ಹೇಳಿದರೆ ‘ನಾನು ಬಂದೆ’ ಎಂದರ್ಥ, ಬಾಯಿ ಅಗಲಿಸದೆ ಹೇಳಿದರೆ ‘ಅವನು ಬಂದ’. ಕನ್ನಡ ಲಿಪಿಯಲ್ಲಿ ಎರಡಕ್ಕೂ ಒಂದೇ ಎತ್ವ. ಅಣ್ಣ ಇದಕ್ಕೆ ತಾನೇ ಒಂದು ಉಪಾಯ ಮಾಡಿದ್ದ. ತನ್ನ ತಂತ್ರಾಂಶದಲ್ಲಿ ಯಾವ ಉಪಯೋಗಕ್ಕೂ ಬಾರದೆ ಬಿದ್ದಿದ್ದ ಒಂದು ಚಿಹ್ನೆಯನ್ನು ‘ನಾನು’ ಎಂಬಲ್ಲೆಲ್ಲ ಅಕ್ಷರದ ಪಕ್ಕ ಹಾಕಿದ್ದ. ಪರಿವರ್ತಕಕ್ಕೆ ಅದು ಗುರುತಿಲ್ಲದ ಅಂಕಿ, ಬಿಟ್ಟುಬಿಟ್ಟಿತು. ಗದ್ದೆಯಲ್ಲಿ ನಿಂತು ಹೆಂಗಸು ತನ್ನ ಕಥೆ ತಾನು ಹೇಳಿಕೊಳ್ಳುವ ಹಾಡುಗಳಲ್ಲಿ ‘ನಾನು’ ಯಾವುದು, ‘ಅವನು’ ಯಾವುದು ಎಂದೇ ತಿಳಿಯದಂತಾಯಿತು. ಅಮ್ಮ ಬಂದಳೋ, ಇನ್ಯಾರೋ ಬಂದನೋ?

ಹಾಗಾದರೆ ಆ ಹಳೆಯ ತಂತ್ರಾಂಶದಲ್ಲೇ ಕಡತವನ್ನು ತೆರೆದು ನೋಡಬೇಕು. ಹೊಸ ಕಂಪ್ಯೂಟರಿನೊಳಗೆ ಹಳೆಯ ಕಂಪ್ಯೂಟರಿನ ವೇಷ ಹಾಕಿಸುವ ವಿದ್ಯೆಯೂ ಉಂಟು. ಹುಡುಗ ಅದನ್ನೂ ನೋಡಿದ. ಆದರೆ ಅಣ್ಣ ಹಣ ಕೊಟ್ಟು ಕೊಂಡ ಆ ತಂತ್ರಾಂಶಕ್ಕೆ ಒಂದು ಬೀಗವಿತ್ತು. ಕಳ್ಳಪ್ರತಿ ಮಾಡಬಾರದೆಂದು ಆ ಕಾಲದಲ್ಲಿ ಪ್ರಿಂಟರು ಜೋಡಿಸುವ ಜಾಗಕ್ಕೆ ಸಿಕ್ಕಿಸುವ ಒಂದು ಬೆಂಕಿಪೊಟ್ಟಣದಷ್ಟು ದೊಡ್ಡ ಗಟ್ಟಿಯನ್ನು ಕೊಡುತ್ತಿದ್ದರು. ಅದನ್ನು ಸಿಕ್ಕಿಸದಿದ್ದರೆ ತಂತ್ರಾಂಶ ಬಾಯಿ ತೆರೆಯುವುದಿಲ್ಲ. ಅಂಥ ಜಾಗ ಹುಡುಗನ ಹೊಸ ಕಂಪ್ಯೂಟರಿನಲ್ಲಿ ಇಲ್ಲ. ಅಂತೂ ಅಣ್ಣನ ಪೆಟ್ಟಿಗೆಯೇ ಬದುಕಬೇಕು ಎಂದಾಯಿತು.

ಬದಲಿ ಡಿಸ್ಕ್ ಎಲ್ಲಿಂದ? ಆ ಬಗೆಯವನ್ನು ಈಗ ಮಾಡುವುದಿಲ್ಲ. ಹಳೆಯದನ್ನೇ ಹುಡುಕಿ ಹಾಕಿದರೆ ಅದಕ್ಕೂ ಇಷ್ಟೇ ವಯಸ್ಸು. ಇಲ್ಲಿ ಸಹಾಯಕ್ಕೆ ಬಂದದ್ದು ಮದುವೆ ಫೋಟೋಗ್ರಾಫರರ ಕಾರ್ಡು! ಜಪಾನಿನ ತೋಷಿಬಾ ಕಂಪೆನಿಯ ಫುಜಿಯೊ ಮಸುಓಕಾ ಎಂಬ ವಿಜ್ಞಾನಿ 1984ರಲ್ಲಿ ಒಂದು ಹೊಸ ಬಗೆಯ ನೆನಪನ್ನು ಲೋಕಕ್ಕೆ ತಿಳಿಸಿದರು. ತಟ್ಟೆಯಿಲ್ಲ, ಮುಳ್ಳಿಲ್ಲ, ತಿರುಗುವುದಿಲ್ಲ. ಸಣ್ಣ ಸಣ್ಣ ಗೂಡುಗಳಲ್ಲಿ ವಿದ್ಯುತ್ತಿನ ಕಣಗಳನ್ನು ಕೂಡಿಹಾಕುವುದಷ್ಟೇ. ಬರೆದದ್ದು ಕ್ಯಾಮೆರಾದ ಮಿಂಚಿನಂತೆ ಒಮ್ಮೆಗೇ ಅಳಿಯುತ್ತದೆಂದು ಅದಕ್ಕೆ ಫ್ಲ್ಯಾಶ್ ಎಂದು ಹೆಸರು. ಅದನ್ನು ಬೆಂಕಿಪೊಟ್ಟಣದ ಅಗಲಕ್ಕೆ ತಂದ ಕಾಂಪ್ಯಾಕ್ಟ್ ಫ್ಲ್ಯಾಶ್ ಕಾರ್ಡು 1994ರಲ್ಲಿ ಬಂತು. ಡಿಜಿಟಲ್ ಕ್ಯಾಮೆರಾಗಳು ಬಂದ ಹೊಸದರಲ್ಲಿ ನಮ್ಮ ಮಕ್ಕಳ ಮದುವೆಯ ಧಾರೆ, ಊಟದ ಪಂಕ್ತಿ ಎಲ್ಲ ಮೊದಲು ಕುಳಿತದ್ದು ಎಷ್ಟೋ ಕಡೆ ಇಂಥ ಕಾರ್ಡಿನಲ್ಲೇ.

ಈ ಕಾರ್ಡಿಗೂ ಅಣ್ಣನ ಡಿಸ್ಕಿಗೂ ಏನು ಸಂಬಂಧ? 1986ರ ಸುಮಾರಿಗೆ ಕಾಂಪ್ಯಾಕ್ ಮತ್ತು ವೆಸ್ಟರ್ನ್ ಡಿಜಿಟಲ್ ಕಂಪೆನಿಗಳು ಸೇರಿ, ಕಂಪ್ಯೂಟರು ಮತ್ತು ಡಿಸ್ಕು ಪರಸ್ಪರ ಮಾತಾಡುವ ಒಂದು ಕ್ರಮವನ್ನು ತಂದವು. ಅದು ಐ.ಡಿ.ಇ. ಕಾರ್ಡು ಮಾಡಿದವರು ದೂರಾಲೋಚನೆಯಿಂದ ಅದಕ್ಕೂ ಅದೇ ಮಾತನ್ನು ಕಲಿಸಿದ್ದರು. ಹಾಗಾಗಿ ನಡುವೆ ದುಬಾಷಿ ಬೇಡ, ಸೂಜಿಗೆ ಸೂಜಿ ಜೋಡಿಸುವ ಒಂದು ಪಟ್ಟಿ ಸಾಕು. ಗಲ್ಫಿನಿಂದ ತಂದ ಇಸ್ತ್ರಿಪೆಟ್ಟಿಗೆಯ ಚೌಕ ಪಿನ್ನಿಗೆ ನಾವು ಹಾಕುವ ಅಡಾಪ್ಟರಿನಂಥದೇ. ಒಂದು ಬದಿಗೆ ಲ್ಯಾಪ್‌ಟಾಪಿನ 44 ಪಿನ್ನು, ಇನ್ನೊಂದು ಬದಿಗೆ ಕಾರ್ಡಿನ 50. ಈಗಿನ ಮೊಬೈಲು ಕಾರ್ಡಿನ ಮಾತು ಬೇರೆ. ಅದನ್ನು ಬಳಸುವುದಾದರೆ ನಡುವೆ ಭಾಷಾಂತರ ಮಾಡುವ ಒಂದು ಚಿಪ್ಪು ಬೇಕೇಬೇಕು.

ಕಾರ್ಡು ದೊಡ್ಡದಿದ್ದಷ್ಟೂ ಒಳ್ಳೆಯದೆಂದು ನಾನೆಣಿಸಿದ್ದೆ. ಹಾಗಲ್ಲವಂತೆ. ಆ ಕಾಲದ ಎಷ್ಟೋ ಯಂತ್ರಗಳು ಡಿಸ್ಕನ್ನು ಮೂರು ಲೆಕ್ಕದಲ್ಲಿ ಎಣಿಸುತ್ತಿದ್ದವು: ಉರುಳೆ 1024, ಮುಳ್ಳು 16, ಹೋಳು 63. ಇವುಗಳನ್ನು ಗುಣಿಸಿ, ಹೋಳೊಂದಕ್ಕೆ 512 ಅಕ್ಷರದಂತೆ ಲೆಕ್ಕ ಹಾಕಿದರೆ ಸುಮಾರು 52 ಕೋಟಿ 85 ಲಕ್ಷ. ಅಲ್ಲಿಗೆ ಅವುಗಳ ಮಗ್ಗಿ ಮುಗಿಯಿತು. ಅದಕ್ಕಿಂತ ದೊಡ್ಡದನ್ನು ಕೊಟ್ಟರೆ ಎಣಿಸಲು ಬಾರದೆ ಕಂಗಾಲು. ಹಾಗಾಗಿ ಹುಡುಗ ಪರಿಚಯದ ಸ್ಟುಡಿಯೋದವರಿಂದ 512 ಎಂ.ಬಿ.ಯ ಹಳೆಯ ಕಾರ್ಡೊಂದನ್ನು ಕೇಳಿ ತಂದ. ಅದನ್ನು ಲ್ಯಾಪ್‌ಟಾಪಿನಲ್ಲೇ ಕೂರಿಸಿ, ಫ್ಲಾಪಿಯಿಂದ ಯಂತ್ರವನ್ನು ಎಬ್ಬಿಸಿ, ಕಾರ್ಡನ್ನು ಹದಗೊಳಿಸಿ, ಮೊದಲು ಡಾಸ್ ತುಂಬಿಸಿದ. ಬಳಿಕ ಎರಡು ರಾತ್ರಿ ಕಾದು ತೆಗೆದ ಪ್ರತಿಯಿಂದ ಉಳಿದದ್ದೆಲ್ಲವನ್ನೂ ತುಂಬಿಸಿದ. ಬಿಚ್ಚಿದಾಗ ಇನ್ನೊಂದು ಕೆಲಸವನ್ನೂ ಮಾಡಿದ. ಗಡಿಯಾರದ ನೆನಪಿಗೆಂದು ಒಳಗಿದ್ದ ಪುಟ್ಟ ಬ್ಯಾಟರಿ ಸೋರಿ ಹಸಿರು ಕಿಲುಬು ಹಿಡಿದಿತ್ತು. ಅದನ್ನು ಕಿತ್ತು ಒರೆಸಿದ. ಹೀಗೆ ಸೋರಿದ ಬ್ಯಾಟರಿ ಬಿಟ್ಟರೆ ಪಕ್ಕದ ತಂತಿಗಳನ್ನು ತಿಂದು ಇಡೀ ಯಂತ್ರವನ್ನೇ ಮುಗಿಸುತ್ತದೆ. ನಿಮ್ಮ ಮನೆಯಲ್ಲೂ ಇಂಥ ಪೆಟ್ಟಿಗೆಯಿದ್ದರೆ ಬಲ್ಲವರಿಂದ ಮೊದಲು ಇದನ್ನು ನೋಡಿಸಿ.

ಹುಡುಗ ಸ್ಕ್ರೂ ತಿರುಗಿಸುತ್ತಿದ್ದಾಗ ನನ್ನ ಮನಸ್ಸು ಅತ್ತಿಮಬ್ಬೆಯ ಕಡೆ ಹೋಗಿತ್ತು. ಹತ್ತನೆಯ ಶತಮಾನದ ಕೊನೆಯಲ್ಲಿದ್ದ ಆ ತಾಯಿ, ಪೊನ್ನನ ಶಾಂತಿಪುರಾಣದ ಒಂದು ಸಾವಿರ ಓಲೆಪ್ರತಿಗಳನ್ನು ಬರೆಯಿಸಿ ಹಂಚಿದಳು. ದಾನವೆಂದು ಪಾಠದಲ್ಲಿ ಓದಿಸುತ್ತೇವೆ. ದಾನ ಹೌದು, ಜೊತೆಗೆ ಅದು ಓಲೆಯ ಆಯಸ್ಸನ್ನು ಬಲ್ಲವಳ ಲೆಕ್ಕಾಚಾರವೂ ಹೌದೆಂದು ನನಗೆ ತೋರುತ್ತದೆ. ಒಂದು ಪ್ರತಿಯನ್ನು ಹುಳ ತಿಂದೀತು, ಸಾವಿರವನ್ನೂ ತಿನ್ನಲಾರದು.

ಇನ್ನೊಂದು ಕಥೆ ನಮ್ಮ ಜಿಲ್ಲೆಯ ಮೂಡುಬಿದಿರೆಯದೇ. ಜೈನರ ಷಟ್ಖಂಡಾಗಮದ ಧವಲಾ ಮೊದಲಾದ ಟೀಕೆಗಳ ಪ್ರಾಚೀನ ತಾಳೆಗರಿಗಳು ಅಲ್ಲಿನ ಬಸದಿಯಲ್ಲಿ ಮಾತ್ರ ಉಳಿದಿದ್ದವು. ಭಾಷೆ ಪ್ರಾಕೃತ ಮತ್ತು ಸಂಸ್ಕೃತ, ಲಿಪಿ ಹಳಗನ್ನಡದ್ದು. ಯಾತ್ರಿಕರು ದರ್ಶನ ಮಾಡಿ ಕೈಮುಗಿಯುತ್ತಿದ್ದರು; ಓದಬಲ್ಲವರು ಬಹಳ ವಿರಳ. 1896ರಲ್ಲಿ ಪ್ರತಿ ಮಾಡುವ ಕೆಲಸ ಶುರುವಾಯಿತು, ಮುಗಿಯುವಾಗ 1922. ಪ್ರತಿ ಮಾಡಿದರೂ ಅದು ಹೊರಗೆ ಹೋಗಬಾರದೆಂಬ ಕಟ್ಟು ಇತ್ತು. ಆ ಕೆಲಸಕ್ಕಿದ್ದ ಪಂಡಿತ ಗಜಪತಿ ಉಪಾಧ್ಯಾಯರು ಗುಟ್ಟಾಗಿ ಕನ್ನಡ ಲಿಪಿಯಲ್ಲಿ ಇನ್ನೊಂದು ಪ್ರತಿಯನ್ನು ಸಿದ್ಧಮಾಡಿದರು. ಅದಕ್ಕೆ ಕೈಜೋಡಿಸಿದವರು ಅವರ ಪತ್ನಿ ಲಕ್ಷ್ಮೀಬಾಯಿ. ಆ ಪ್ರತಿ ದೂರದ ಸಹಾರನ್‌ಪುರಕ್ಕೆ ಹೋಯಿತು. ಅಲ್ಲಿಂದ ಪ್ರತಿಗೆ ಪ್ರತಿಯಾಗಿ ಹರಡಿ, 1939ರಲ್ಲಿ ಹೀರಾಲಾಲ್ ಜೈನರ ಸಂಪಾದನೆಯಲ್ಲಿ ಮೊದಲ ಸಂಪುಟ ಅಚ್ಚಾಯಿತು. ಮಾಡಿದ್ದು ಸರಿಯೋ ತಪ್ಪೋ ಎಂದು ಪಂಡಿತರು ಚರ್ಚಿಸಲಿ. ಬೀಗದ ಒಳಗಿದ್ದ ಅಕ್ಷರ ಹೊರಗೆ ಬರಲು ಎರಡು ಬೇಕಾಯಿತು ಎಂಬುದು ನಾನು ಕಂಡದ್ದು: ಹೊಸ ಎಲೆ, ಮತ್ತು ಹಳೆಯ ಲಿಪಿ ಓದಬಲ್ಲ ಒಬ್ಬರು. ನಮ್ಮ ಮನೆಯ ಲೆಕ್ಕದಲ್ಲಿ ಕಾರ್ಡು ಹೊಸ ಎಲೆ. ಹಳೆಯ ಲಿಪಿ ಓದಬಲ್ಲದ್ದು ಆ ಬೂದು ಪೆಟ್ಟಿಗೆ.

ಪೆಟ್ಟಿಗೆ ಎದ್ದಿತು. ಮೊದಲಿನ ಗುರುಗುಟ್ಟುವ ಸದ್ದಿಲ್ಲ, ಬಿಸಿ ಕಡಿಮೆ, ಕೆಲಸ ಬೇಗ. ಬೀಗದ ಗಟ್ಟಿಯನ್ನು ಸಿಕ್ಕಿಸಿದಾಗ ಅಣ್ಣನ ಅಕ್ಷರಗಳು ಅವನ ಚಿಹ್ನೆಯ ಸಮೇತ ಮೂಡಿದವು. ನಾನು ನೋಡಿ ಹೇಳುತ್ತ ಹೋದೆ, ಹುಡುಗ ಯೂನಿಕೋಡಿನಲ್ಲಿ ತಿದ್ದುತ್ತ ಹೋದ. ‘ನಾನು’ ಇದ್ದಲ್ಲೆಲ್ಲ ಒಂದು ನಕ್ಷತ್ರ ಹಾಕಿದ. ಕೆಂಪು ಶಾಯಿಯಲ್ಲಿ ಅದೇ ಗುರುತಿಟ್ಟು ನಾನೊಂದು ನೋಟುಪುಸ್ತಕದಲ್ಲೂ ಬರೆದೆ. ಕಾರ್ಡೇನೂ ಅಮರವಲ್ಲ. ಬರೆದು ಅಳಿಸಿದಷ್ಟೂ ಗೂಡುಗಳು ಸವೆಯುತ್ತವೆ, ಸುಮ್ಮನೆ ಇಟ್ಟರೆ ಕೂಡಿಹಾಕಿದ ವಿದ್ಯುತ್ತು ವರ್ಷಗಳಲ್ಲಿ ಸೋರುತ್ತದೆ. ರೇಷ್ಮೆ ಸೀರೆಯನ್ನು ಮಡಿಕೆ ಬದಲಿಸದೆ ಇಟ್ಟರೆ ಮಡಿಕೆಯಲ್ಲೇ ಹರಿಯುವುದಿಲ್ಲವೇ, ಹಾಗೆ. ಜೈನರು ಜ್ಯೇಷ್ಠ ಶುದ್ಧದ ಶ್ರುತಪಂಚಮಿಯಂದು ಗ್ರಂಥಗಳನ್ನು ಹೊರತೆಗೆದು ಧೂಳು ಒರೆಸಿ ಹೊಸ ಬಟ್ಟೆ ಸುತ್ತುತ್ತಾರೆ. ಮಳೆಗಾಲದ ಹೊಸ್ತಿಲಲ್ಲಿ ಬರುವ ದಿನ. ನಾವೂ ಆ ದಿನವನ್ನೇ ಇಟ್ಟುಕೊಂಡಿದ್ದೇವೆ: ಪೆಟ್ಟಿಗೆ ತೆರೆಯುವುದು, ಎಲ್ಲ ಓದಿ ನೋಡುವುದು, ಹೊಸದಾಗಿ ಒಂದು ಪ್ರತಿ ಬರೆದಿಡುವುದು.

ಒಂದು ಹಾಡಿನಲ್ಲಿ ಮಾತ್ರ ಅಣ್ಣನೇ ಗೊಂದಲದಲ್ಲಿದ್ದಂತೆ ತೋರಿತು. ಒಂದೇ ಸಾಲು ಎರಡು ಸಲ ಬರುತ್ತದೆ. ಒಂದು ಕಡೆ ಚಿಹ್ನೆಯಿದೆ, ಇನ್ನೊಂದು ಕಡೆ ಇಲ್ಲ. ಅಮ್ಮನ ಜೊತೆ ನೇಜಿ ನೆಟ್ಟವರಲ್ಲಿ ಈಗ ಉಳಿದಿರುವವರು ಪಡುಮನೆಯ ಅಜ್ಜಿ ಒಬ್ಬರೇ, ಎಂಬತ್ತು ದಾಟಿದವರು. ಹೋಗಿ ಕೇಳಿದೆವು. ಕೂತು ಎಷ್ಟು ನೆನಪಿಸಿಕೊಂಡರೂ ಹಾಡು ಬರಲಿಲ್ಲ. “ಕೂತರೆ ಬರುವುದಿಲ್ಲ ಮಗಾ” ಎಂದು ಗೋಡೆ ಹಿಡಿದು ಎದ್ದು ನಿಂತರು. ಸ್ವಲ್ಪ ಬಗ್ಗಿದರು. ನೇಜಿಯ ಕಟ್ಟು ಹಿಡಿದವರಂತೆ ಎಡಗೈ ಮಡಚಿದರು. ಹಾಡು ಬಂತು. ಎರಡು ಕಡೆಯೂ ಬಾಯಿ ಅಗಲಿಸಿಯೇ ‘ಬತ್ತೆ’ ಎಂದರು. ಹುಡುಗ ಮನೆಗೆ ಬಂದು ಬಿಟ್ಟುಹೋದ ಜಾಗಕ್ಕೆ ಅಪ್ಪನ ಚಿಹ್ನೆ ಹಾಕಿ ಕಾರ್ಡಿನಲ್ಲಿ ಉಳಿಸಿದ. ನಾನು ನೋಟುಪುಸ್ತಕ ತೆಗೆದು ಕೆಂಪು ಪೆನ್ನು ಹುಡುಕಿದೆ.